ಕೋಟೆ ಬಿದ್ದ ಮೇಲೆ ಸಿಪಾಯಿ ಮನೆತನಗಳು

ದುರ್ಗದ ಕಥೆಯನ್ನು ನಾವೆಲ್ಲ 1779ಕ್ಕೇ ನಿಲ್ಲಿಸಿಬಿಡ್ತೀವಿ. ಹೈದರಾಲಿ ಕೋಟೆ ಹಿಡಿದ, ಮದಕರಿ ನಾಯಕರು ಸೆರೆಯಾದರು. ಆಮೇಲೆ ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಹುಡುಗರನ್ನು ಚೇಲಾ ಪಡೆಗೆ (ಸೆರೆಸಿಕ್ಕ ಹುಡುಗರನ್ನೇ ಪಳಗಿಸಿ ಕಟ್ಟಿದ ದಳ) ಸೇರಿಸಿದ್ದು ಮಾತಿಗೇ ಬರಲ್ಲ. ದೊರೆ ಬದಲಾದಾಗ ಯುದ್ಧವೇ ಕಸುಬಾದವರು ಏನಾಗ್ತಾರೆ? ಸ್ಪೇನಿನ ವೇಲೆನ್ಸಿಯಾ ಸೀಮೆಯ ಮುಸ್ಲಿಂ ಮನೆತನಗಳಿಗೆ ಈ ಪ್ರಶ್ನೆ 13ನೇ ಶತಮಾನದಲ್ಲೇ ಎದುರಾಗಿತ್ತು.

ಆ ಸೀಮೆಯ ಷಾತಿವಾ ಊರಿನ ಬನೂ ಈಸಾ ಮನೆತನ 1244ರಲ್ಲಿ ಕ್ರೈಸ್ತ ರಾಜ್ಯ ಅರಗಾನಿನ ದೊರೆ ಒಂದನೇ ಜೌಮೆಗೆ ಶರಣಾಗಿ, ಬದಲಿಗೆ ಮೊಂತೆಸಾ ಕೋಟೆ ಪಡೆಯಿತು.

ಅದೇ ಸೀಮೆಯ ಮುಸ್ಲಿಂ ಪಾಳೇಗಾರ ಅಲ್-ಅಜ್ರಕ್‌ನ ಕರಾರು ಇನ್ನೂ ಸೂಕ್ಷ್ಮ. 1245ರ ಆ ಒಂದೇ ಹಾಳೆಯಲ್ಲಿ ಕ್ಯಾಸ್ಟೀಲಿಯನ್ (ಸ್ಪ್ಯಾನಿಷ್) ಸಾಲುಗಳ ನಡುವೆ ಅರಬ್ಬಿ ಸಾಲುಗಳಿವೆ. ಕ್ಯಾಸ್ಟೀಲಿಯನ್ ಪಾಠದಲ್ಲಿ ಅವನು ಜೌಮೆಯ ಮಗನಾದ ರಾಜಕುಮಾರನ ಅಧೀನ ಸಾಮಂತ. ಅರಬ್ಬಿಯಲ್ಲಿ ಅದು ಮೂರು ವರ್ಷದ ಒಪ್ಪಂದ, ಅಧೀನನೆಂಬ ಧಾಟಿಯೇ ಇಲ್ಲ. ಒಂದೇ ಕಾಗದ, ಎರಡು ಅರ್ಥ. ಇಂಥದ್ದು ಬಾಳುವುದು ಕಷ್ಟ. 1247ರಲ್ಲಿ ದಂಗೆ ಎದ್ದ, 1258ರಲ್ಲಿ ದೇಶಭ್ರಷ್ಟನಾದ, 1276ರಲ್ಲಿ ಮರಳಿ ಬಂದು ಅಲ್ಕೋಯ್ ಪಟ್ಟಣದ ಬಾಗಿಲಲ್ಲಿ ಸತ್ತ.

ಕತ್ತಿ ಹಿಡಿದೇ ಬದುಕಿದವರೂ ಇದ್ದರು. ಗ್ರನಾಡಾ, ಉತ್ತರ ಆಫ್ರಿಕಾದ ಕುದುರೆ ಸವಾರರನ್ನು 1280ರ ದಶಕದಲ್ಲಿ ಅರಗಾನಿನ ದೊರೆಗಳೇ ನೇಮಿಸಿಕೊಂಡರು. ತಗ್ಗು ಜೀನು, ಮೊಣಕಾಲು ಮಡಚುವಷ್ಟು ಗಿಡ್ಡ ರಿಕಾಪು, ಕೈಯಲ್ಲಿ ಎಸೆಯುವ ಈಟಿ: ನುಗ್ಗಿ, ಎಸೆದು, ತಟ್ಟನೆ ತಿರುಗುವುದು ಅವರ ಪಟ್ಟು. ಭಾರದ ಕವಚದವರು ಬೆನ್ನಟ್ಟಿ ದಣಿಯುತ್ತಿದ್ದರು. ಬಾರ್ಸಿಲೋನಾದ ರಾಜದಫ್ತರದಲ್ಲಿ ಇವರ ಸಂಬಳ, ಉಡುಗೊರೆ ಬಟ್ಟೆ, ಸತ್ತ ಕುದುರೆಯ ಪರಿಹಾರ ಈಗಲೂ ಓದಸಿಗುತ್ತವೆ. ನಮ್ಮ ಬೇಡಪಡೆಯ ಮನೆಮನೆಯ ಲೆಕ್ಕ ಹೀಗೆ ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು!