ದೀಪ ಸರಿಹೋಯಿತು, ಟಸ್ಸಾರ್ ಪತಂಗ ಬರಲಿಲ್ಲ

ಚಿತ್ರದುರ್ಗದ ಜೋಗಿಮಟ್ಟಿ ಕಾಡಿನಂಚಿನ ಹೊಲದಲ್ಲಿ ನಡೆಸುತ್ತಿರುವ ಪತಂಗ ಗಣತಿಗೆ ತೊಡಕಾಗಿದ್ದ ದೀಪದ ಸಮಸ್ಯೆ ಈ ಮುಂಗಾರಿನಲ್ಲಿ ಬಗೆಹರಿದಿದೆ. ರಾತ್ರಿ ಪರದೆಯ ಮುಂದೆ ದೀಪ ಉರಿಸಿ, ಅದರ ಬೆಳಕಿಗೆ ಬಂದು ಕೂರುವ ಪತಂಗಗಳನ್ನು ಎಣಿಸುವುದೇ ಈ ಗಣತಿಯ ಕ್ರಮ.

ಹಳೆಯ 160 ವ್ಯಾಟ್ ಮರ್ಕ್ಯುರಿ (ಪಾದರಸದ) ಬಲ್ಬು ಸುಟ್ಟುಹೋದ ಮೇಲೆ ಅಂಥದ್ದು ಮತ್ತೆ ಸಿಗಲಿಲ್ಲ. ಪಾದರಸದ ಬಳಕೆಯನ್ನು ತಗ್ಗಿಸುವ ಮಿನಾಮಾಟಾ ಒಪ್ಪಂದದ ಬಳಿಕ ಈ ದೀಪಗಳು ಮರೆಯಾಗುತ್ತಿರುವುದು ಸರಿಯೇ. ಆದರೆ ಬದಲಿಗೆ ತರಿಸಿದ ಎಲ್‌ಇಡಿಯ ವಿಷಯದಲ್ಲಿ ಮಾರಾಟಗಾರರು ತೋರಿದ ಉಡಾಫೆ ಕ್ಷಮಿಸುವಂಥದ್ದಲ್ಲ: ಡಬ್ಬಿಯ ಮೇಲೆ ಬೆಳಕಿನ ತರಂಗಾಂತರ 365 ನ್ಯಾನೊಮೀಟರ್, ಅಂದರೆ ಕಣ್ಣಿಗೆ ಕಾಣದ ಅತಿನೇರಳೆ, ಎಂದಿತ್ತು, ಒಳಗಿದ್ದದ್ದು 395ರದ್ದು. ನಿಜವಾದ 365ರ ದೀಪ ಬರಿಗಣ್ಣಿಗೆ ಮಂಕಾಗಿ ಕಾಣುತ್ತದೆ. ಢಾಳಾದ ನೇರಳೆ ಬಣ್ಣ ಕಂಡರೆ ಕೂಡಲೇ ಹಿಂದಿರುಗಿಸಿ. ಪತಂಗದ ಕಣ್ಣಿನ ಅತಿನೇರಳೆ ಸಂವೇದನೆ 350ರ ಆಸುಪಾಸಿನಲ್ಲಿ ಹೆಚ್ಚಾಗಿರುವುದರಿಂದ, ಈ ವ್ಯತ್ಯಾಸವನ್ನು ಲೆಕ್ಕಿಸದೆ ‘ಪತಂಗ ಕಡಿಮೆಯಾಗಿದೆ’ ಎಂದು ಬರೆಯುವುದು ದೀಪದ ದೋಷವನ್ನು ಕಾಡಿನ ಮೇಲೆ ಹೊರಿಸಿದಂತಾಗುತ್ತದೆ.

ಸರಿಯಾದ ದೀಪಕ್ಕೆ ಹಾಕ್ ಪತಂಗಗಳು ಧಾರಾಳವಾಗಿ ಬಂದವು, ಆದರೆ ಕಾಡಿನಲ್ಲಿ ರೇಷ್ಮೆಗೂಡು ಕಟ್ಟುವ ಟಸ್ಸಾರ್ ಪತಂಗ ಒಂದೂ ಬರಲಿಲ್ಲ. ಪ್ರೌಢ ಟಸ್ಸಾರ್‌ಗೆ ಉಣ್ಣುವ ಬಾಯಿಯೇ ಇಲ್ಲ, ಆಯುಸ್ಸು ಕೆಲವೇ ದಿನ. ಹಾಗಾಗಿ ದೀಪವೊಂದನ್ನೇ ನಂಬದೆ ಹಗಲಿನಲ್ಲಿ ಗೂಡು ಹುಡುಕಲು ಹೊರಟೆ. ತೊಟ್ಟಿನಿಂದ ರೆಂಬೆಗೆ ಉಂಗುರದಂತೆ ಬಿಗಿದುಕೊಂಡ ಗಟ್ಟಿ ಗೂಡು ಪತಂಗ ಹೊರಬಿದ್ದ ಮೇಲೂ ಬಹುಕಾಲ ತೂಗುತ್ತಿರುತ್ತದೆ, ಒಳಗೆ ನಡೆದದ್ದನ್ನೂ ಹೇಳುತ್ತದೆ. ಪತಂಗ ತೊಟ್ಟಿನ ಕಡೆಯ ತುದಿಯನ್ನು ಸ್ರಾವದಿಂದ ಮೆದುವಾಗಿಸಿ ಹೊರಬರುತ್ತದೆ. ದುಂಡನೆಯ ಸಣ್ಣ ರಂಧ್ರವಿದ್ದರೆ ಅದು ಪರಾವಲಂಬಿ ಕಣಜದ ಕೆಲಸ. ಪಕ್ಕೆ ಒಡ್ಡೊಡ್ಡಾಗಿ ಹರಿದಿದ್ದರೆ ಹಕ್ಕಿಯೋ ಅಳಿಲೋ ಕೈಹಾಕಿದೆ. ನನಗೆ ಸಿಕ್ಕವುಗಳಲ್ಲಿ ಬಹುಪಾಲು ಬಣ್ಣಗೆಟ್ಟ ಹಳೆಯ ಗೂಡುಗಳು, ಅದರಲ್ಲಿಯೂ ಹೆಚ್ಚಿನವು ಪತಂಗ ಸುಸೂತ್ರವಾಗಿ ಹೊರಬಂದವು. ಹಿಂದೆ ಇಲ್ಲಿ ಟಸ್ಸಾರ್ ಚೆನ್ನಾಗಿಯೇ ಬಾಳಿತ್ತು ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಹುಳು ಮೇಯುವ ಎಲಚಿಯನ್ನು ಬದುಗಳಿಂದ ಕಿತ್ತುಹಾಕಿದ ಕಡೆಗಳಲ್ಲಿ ಹೊಸ ಗೂಡು ಒಂದೂ ಕಾಣಲಿಲ್ಲ. ಟಸ್ಸಾರ್ ಕಾಣದಿರುವುದಕ್ಕೆ ನನ್ನ ಮೊದಲ ಶಂಕೆ ಎಲಚಿ ಕಿತ್ತದ್ದರ ಮೇಲೆಯೇ.

ಮುಂದಿನ ಪ್ರಯೋಗಕ್ಕೆ ದೀಪವೇ ಬೇಡ. ಆಗಷ್ಟೇ ಗೂಡಿನಿಂದ ಬಂದ ಹೆಣ್ಣನ್ನು ಜಾಲರಿ ಪಂಜರದಲ್ಲಿ ತೂಗುಬಿಟ್ಟರೆ, ಅದರ ವಾಸನೆ ಹಿಡಿದು ಗರಿಯಂಥ ಮೀಸೆಯ ಗಂಡುಗಳು ದೂರದಿಂದ ಬರುತ್ತವೆ. ಇದಕ್ಕಾಗಿ ಸಾಕಣೆಯ ಗೂಡು ತರಿಸುವುದು ಸುಲಭವಾದರೂ, ಹೊರಗಿನ ತಳಿ ಇಲ್ಲಿ ಅಳಿದುಳಿದದ್ದರೊಂದಿಗೆ ಬೆರೆಯುವುದು ನನಗೆ ಒಪ್ಪಿಗೆಯಿಲ್ಲ. ಜೋಗಿಮಟ್ಟಿ ಅಭಯಾರಣ್ಯದ ಹೊರಗೆ ತೂಕವಿರುವ ಜೀವಂತ ಗೂಡೊಂದು ಸಿಗುವವರೆಗೆ ಪಂಜರ ಖಾಲಿಯಾಗಿಯೇ ಇರಲಿದೆ.