ನಾಲ್ಕನೆಯ ಸಲ ಅದೇ ನಾಲ್ವರು

2025 ಜುಲೈ 27, ಭಾನುವಾರ

ಮಾರ್ವೆಲ್ ಎಂಬ ಅಮೆರಿಕದ ಕಾಮಿಕ್ಸ್ ಕಂಪನಿಯ ನಾಲ್ವರು ಸೂಪರ್‌ಹೀರೋಗಳ ಫೆಂಟಾಸ್ಟಿಕ್ ಫೋರ್ ಬಳಗವನ್ನು ಹಾಲಿವುಡ್ ನಾಲ್ಕನೆಯ ಸಲ ಮೊದಲಿನಿಂದ ಶುರುಮಾಡಿದೆ. ನಿನ್ನೆ ಸಂಜೆಯ ಆಟಕ್ಕೆ ಅಕ್ಕನ ಮಗನೊಂದಿಗೆ ಹೋಗಿಬಂದೆ. ಟಿಕೆಟ್ ಕಾಯ್ದಿರಿಸುವ ಹೊತ್ತಿಗೇ ಅವನ ಪ್ರಶ್ನೆ ತಯಾರಾಗಿತ್ತು: "ಚಿಕ್ಕಮ್ಮ, ಇದಕ್ಕೆ ಮೊದಲು ಯಾವ ಯಾವ ಸಿನಿಮಾ ನೋಡಿರಬೇಕು?" ಹತ್ತನೆಯ ತರಗತಿಯ ಹುಡುಗ. ಗಣಿತದ ಪರೀಕ್ಷೆಗೆ ಹೋಗುವಾಗಲೂ ಈ ಎಚ್ಚರ ಅವನಲ್ಲಿ ಕಂಡದ್ದಿಲ್ಲ. ಏನೂ ನೋಡಬೇಕಾಗಿಲ್ಲ ಎಂದರೆ ನಂಬಲೊಲ್ಲ. ಹಿಂದಿನ ಬಾಕಿಯನ್ನೆಲ್ಲ ತೀರಿಸಿಕೊಂಡೇ ಹೊಸ ಚಿತ್ರಕ್ಕೆ ಹೋಗಬೇಕು ಎಂಬ ನಂಬಿಕೆಯಲ್ಲಿ ಬೆಳೆದ ಮಕ್ಕಳು ಇವರು.

ನಾನು ಹೇಳಿದ್ದೇ ನಿಜವಾಯಿತು. ನಾಲ್ವರು ಬಾಹ್ಯಾಕಾಶಕ್ಕೆ ಹೋದದ್ದು, ವಿಕಿರಣ ತಾಗಿ ಒಬ್ಬನ ಮೈ ರಬ್ಬರಿನಂತಾದದ್ದು, ಒಬ್ಬಳು ಮಾಯವಾಗುವ ಶಕ್ತಿ ಪಡೆದದ್ದು, ಒಬ್ಬನಿಗೆ ಬೆಂಕಿ ಹತ್ತಿದ್ದು, ಇನ್ನೊಬ್ಬ ಬಂಡೆಯಾದದ್ದು, ಇಷ್ಟೂ ಚಿತ್ರದೊಳಗಿನ ಒಂದು ಟಿವಿ ಕಾರ್ಯಕ್ರಮದಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. 1960ರ ದಶಕದ ಠೀವಿಯ ಸೂಟು ತೊಟ್ಟ ನಿರೂಪಕ, ಇವರು ಜನರ ನಾಯಕರಾಗಿ ನಾಲ್ಕು ವರ್ಷವಾಯಿತೆಂದು ಪರಿಚಯ ಮಾಡಿಕೊಡುತ್ತಾನೆ, ಕಥೆ ಮುಂದಕ್ಕೆ ನಡೆಯುತ್ತದೆ. ಎರಡು ವಾರದ ಹಿಂದೆ ಬಂದ ಸೂಪರ್‌ಮ್ಯಾನ್ ಕೂಡ ಹೀಗೆಯೇ: ಮೂರು ಶತಮಾನದ ಹಿಂದೆ, ಮೂರು ದಶಕದ ಹಿಂದೆ, ಮೂರು ವರ್ಷದ ಹಿಂದೆ ಎಂದು ಪರದೆಯ ಮೇಲೆ ಸಾಲುಗಳು ಮೂಡಿ, ಮೂರು ನಿಮಿಷದ ಹಿಂದಕ್ಕೆ ಬರುವಷ್ಟರಲ್ಲಿ ನಾಯಕ ಹೊಡೆತ ತಿಂದು ಹಿಮದ ಮೇಲೆ ಬೀಳುತ್ತಾನೆ. ಅವನು ಹುಟ್ಟಿದ ಕ್ರಿಪ್ಟಾನ್ ಗ್ರಹ ಸಿಡಿಯುವುದನ್ನು ಮತ್ತೊಮ್ಮೆ ತೋರಿಸಲಿಲ್ಲವಲ್ಲ ಎಂದು ಆಗಲೇ ನಿಟ್ಟುಸಿರು ಬಿಟ್ಟಿದ್ದೆ.

ನಿನ್ನೆ ನಾನು ಕಣ್ಣು ನೆಟ್ಟು ಕುಳಿತದ್ದು ಮಾತ್ರ ಬೇರೆ ನಾಲ್ವರಿಗಾಗಿ. ಅಲೆಕ್ಸ್ ಹೈಡ್-ವೈಟ್, ರೆಬೆಕಾ ಸ್ಟಾಬ್, ಜೇ ಅಂಡರ್‌ವುಡ್, ಮೈಕಲ್ ಬೈಲಿ ಸ್ಮಿತ್. ಈ ಹೆಸರುಗಳನ್ನು ಕೇಳಿದವರು ಕಡಿಮೆ. ಮೊಟ್ಟಮೊದಲ ಫೆಂಟಾಸ್ಟಿಕ್ ಫೋರ್ ಇವರೇ, ಆದರೆ ಅವರ ಚಿತ್ರ ಯಾವ ಚಿತ್ರಮಂದಿರವನ್ನೂ ಕಾಣಲಿಲ್ಲ. ಜರ್ಮನಿಯ ನಿರ್ಮಾಪಕ ಬೆರ್ನ್ಟ್ ಐಖಿಂಗರ್ ಬಳಿ ಈ ಪಾತ್ರಗಳ ಹಕ್ಕು ಇತ್ತು. 1992 ಮುಗಿಯುವುದರೊಳಗೆ ಚಿತ್ರೀಕರಣ ಶುರುವಾಗದಿದ್ದರೆ ಹಕ್ಕು ಕೈತಪ್ಪುತ್ತಿತ್ತು. ಕೈಯಲ್ಲಿ ದೊಡ್ಡ ಬಂಡವಾಳವಿಲ್ಲ. ಅಗ್ಗದ ಚಿತ್ರಗಳಿಗೆ ಹೆಸರಾದ ರೋಜರ್ ಕಾರ್ಮನ್ ಅವರನ್ನು ಹಿಡಿದು, ಸುಮಾರು ಹತ್ತು ಲಕ್ಷ ಡಾಲರ್‌ನಲ್ಲಿ ಡಿಸೆಂಬರ್ ಕೊನೆಯ ವಾರ ಕ್ಯಾಮೆರಾ ಚಾಲೂ ಮಾಡಿಸಿದರು. ಪಾಪ, ಕಲಾವಿದರಿಗೆ ಇದೊಂದೂ ಗೊತ್ತಿಲ್ಲ. ತಮ್ಮ ಕೈಯಿಂದಲೇ ಖರ್ಚು ಹಾಕಿಕೊಂಡು ಪ್ರಚಾರಕ್ಕೆ ಊರೂರು ತಿರುಗಿದರು. ಮಿನೆಸೋಟದ ಮಾಲ್ ಆಫ್ ಅಮೆರಿಕದಲ್ಲಿ 1994ರ ಜನವರಿಗೆ ಮೊದಲ ಪ್ರದರ್ಶನವೂ ಗೊತ್ತಾಯಿತು, ಆಮೇಲೆ ರದ್ದಾಯಿತು. ಮಾರ್ವೆಲ್‌ನ ಆವಿ ಅರಾದ್ ತಾವೇ ಹಣ ಕೊಟ್ಟು ಚಿತ್ರವನ್ನು ಕೊಂಡು ಸುಟ್ಟುಹಾಕಿಸಿದ್ದಾಗಿ ಮುಂದೆ ಹೇಳಿಕೊಂಡರು. ಎಲ್ಲಿಂದಲೋ ಉಳಿದ ಪ್ರತಿಯೊಂದರಿಂದ ಕಳ್ಳ ಕ್ಯಾಸೆಟ್‌ಗಳು ಕೈಯಿಂದ ಕೈಗೆ ದಾಟಿ, ಆ ಚಿತ್ರ ಬದುಕಿಕೊಂಡಿತು.

ಆ ನಾಲ್ವರನ್ನು ಈ ಸಲ ಕರೆದು ಚಿಕ್ಕ ಚಿಕ್ಕ ಪಾತ್ರಗಳನ್ನು ಕೊಟ್ಟಿದ್ದಾರೆ. ರೆಪ್ಪೆ ಮುಚ್ಚಿ ತೆರೆದರೆ ತಪ್ಪಿಹೋಗುವಷ್ಟು ಚಿಕ್ಕವು. ಮೂವತ್ತು ವರ್ಷದ ಬಾಕಿಗೆ ಇಷ್ಟೇನೇ ಅನ್ನಿಸಿತು. ಆದರೂ ಮಾಡಿದರಲ್ಲ.

ನಾನು ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಕೆಲಸ ಮಾಡುವವಳು. ಕಥೆಗಿಂತ ಮೊದಲು ಕಾಗದಪತ್ರ ನೋಡುವುದು ನನ್ನ ದುರಭ್ಯಾಸ. ಈ ಹೊಸ ಹೊಸ ಆರಂಭಗಳ ಹಿಂದೆ ಕಲೆಯ ತುಡಿತವನ್ನು ಹುಡುಕುವವರನ್ನು ಕಂಡರೆ ನನಗೆ ನಗು. ಗಡುವಿನ ದಿನಾಂಕ ನೋಡಿದರೆ ಅರ್ಧ ಕಥೆ ಅಲ್ಲೇ ಸಿಗುತ್ತದೆ. 2014ರ ಕೊನೆಯಲ್ಲಿ ಸೋನಿ ಕಂಪನಿಯ ಕಂಪ್ಯೂಟರ್‌ಗಳಿಗೆ ಕನ್ನ ಬಿದ್ದು ಹೊರಬಂದ ಕಾಗದಗಳಲ್ಲಿ ಸ್ಪೈಡರ್-ಮ್ಯಾನ್ ಒಪ್ಪಂದವೂ ಇತ್ತು. ಒಂದು ಚಿತ್ರ ಬಿಡುಗಡೆಯಾದ ಮೂರು ವರ್ಷ ಒಂಬತ್ತು ತಿಂಗಳೊಳಗೆ ಮುಂದಿನದರ ಕೆಲಸ ಶುರುವಾಗಬೇಕು, ಐದು ವರ್ಷ ಒಂಬತ್ತು ತಿಂಗಳೊಳಗೆ ಅದು ತೆರೆ ಕಾಣಬೇಕು. ತಪ್ಪಿದರೆ ಹಕ್ಕು ಮಾರ್ವೆಲ್‌ಗೆ ವಾಪಸ್. ಸ್ಯಾಮ್ ರೈಮಿ ನಿರ್ದೇಶನದ ಮೂರನೆಯ ಚಿತ್ರ ಬಂದದ್ದು 2007ರ ಮೇ. ನಾಲ್ಕನೆಯದಕ್ಕೆ ತೃಪ್ತಿಯಾಗುವಂಥ ಚಿತ್ರಕಥೆ ಹೇಳಿದ ದಿನಕ್ಕೆ ಒದಗುವುದಿಲ್ಲವೆಂದು ರೈಮಿ ಹಿಂದೆ ಸರಿದರು. 2010ರ ಜನವರಿಯಲ್ಲಿ ಆ ಚಿತ್ರ ನಿಂತಿತು, ಅದರ ಜೊತೆಗೇ ಹೊಸ ಆರಂಭದ ಘೋಷಣೆ ಬಂತು. ಆ ವರ್ಷದ ಡಿಸೆಂಬರ್‌ನಲ್ಲಿ ಚಿತ್ರೀಕರಣ, 2012ರ ಜುಲೈಯಲ್ಲಿ ಬಿಡುಗಡೆ. ಸೋರಿದ ಕಾಗದದ ಲೆಕ್ಕವನ್ನು ಹಿಂದಕ್ಕೆ ಹಿಡಿದು ನೋಡಿ, ಎರಡೂ ಗಡುವಿನೊಳಗೇ ಬೀಳುತ್ತವೆ. ಹೀಗೆ, ಸ್ಪೈಡರ್-ಮ್ಯಾನ್ ಆಗುವ ಹುಡುಗ ಪೀಟರ್ ಪಾರ್ಕರ್‌ನ ಬೆನ್ ದೊಡ್ಡಪ್ಪ ಹತ್ತೇ ವರ್ಷದಲ್ಲಿ ಎರಡು ಸಲ ಗುಂಡೇಟು ತಿಂದು ಸತ್ತ. 2017ರ ಚಿತ್ರದಲ್ಲಿ ಮೂರನೆಯ ಹುಡುಗ ಟಾಮ್ ಹಾಲೆಂಡ್ ನಾಯಕನಾದಾಗ ಆ ಸಾವನ್ನು ತೋರಿಸದೆ ಬಿಟ್ಟರು. ದೊಡ್ಡಪ್ಪನಿಗೆ ಅಲ್ಲಿಗೆ ಮುಕ್ತಿ ಸಿಕ್ಕಿತು.

ಹಳೆಯ ಕಥೆಯನ್ನು ಮತ್ತೆ ಹೇಳುವುದೇ ತಪ್ಪೆಂದು ನಮ್ಮವರು ಯಾರೂ ಹೇಳಲಾರರು. ಅಭಿಮನ್ಯು ಸಾಯುತ್ತಾನೆಂದು ಗೊತ್ತಿದ್ದೇ ಜನ ಬೆಳಗಿನವರೆಗೆ ಆಟ ನೋಡುತ್ತಾರೆ. ಆದರೆ ರಾಮಾಯಣದ ಕವಿಗಳ ಭಾರಕ್ಕೆ ಫಣಿರಾಯ ತಿಣುಕಿದ, ರಘುವರ ಚರಿತೆಯಲ್ಲಿ ಕಾಲಿಡಲು ತೆರಪಿಲ್ಲ ಎಂದು ಲೆಕ್ಕ ಹಾಕಿ ಭಾರತದ ಕಡೆ ಹೊರಳಿದ ಕುಮಾರವ್ಯಾಸನ ವ್ಯವಹಾರಜ್ಞಾನ ಹಾಲಿವುಡ್‌ನಲ್ಲಿ ಯಾರಿಗೂ ಇದ್ದಂತಿಲ್ಲ. ಅವನ ತಲೆಯ ಮೇಲೆ ಹಕ್ಕಿನ ಗಡುವೂ ಇರಲಿಲ್ಲ, ಅದು ಬೇರೆ ಮಾತು.

ಗಡುವಿನ ಅವಸರ ಪರದೆಯ ಮೇಲೆ ಹೇಗೆ ಕಾಣುತ್ತದೆ ಎಂದು ನೋಡಬೇಕಾದವರು 2015ರ ಫೆಂಟಾಸ್ಟಿಕ್ ಫೋರ್ ನೋಡಬೇಕು. ಆ ಚಿತ್ರ ತೆಗೆದ ಫಾಕ್ಸ್ ಕಂಪನಿಗೂ ನಿರ್ದೇಶಕ ಜೋಶ್ ಟ್ರ್ಯಾಂಕ್‌ಗೂ ಹೊಂದಲಿಲ್ಲ. ಮುಗಿದ ಚಿತ್ರಕ್ಕೆ ಮತ್ತೆ ಚಿತ್ರೀಕರಣ ನಡೆಸಿ ತೇಪೆ ಹಾಕಿದರು. ಆ ಹೊತ್ತಿಗೆ, ಮಾಯವಾಗುವ ಸೂ ಸ್ಟಾರ್ಮ್ ಪಾತ್ರದ ಕೇಟ್ ಮಾರಾ ಕೂದಲು ಕತ್ತರಿಸಿಕೊಂಡಿದ್ದರು. ಹಾಗಾಗಿ ಒಂದು ದೃಶ್ಯದಲ್ಲಿ ಸ್ವಂತ ಕೂದಲು, ಮುಂದಿನದರಲ್ಲಿ ಒಣಹುಲ್ಲಿನ ಬಣ್ಣದ ವಿಗ್ಗು. ವಿಗ್ಗು ಕಂಡಲ್ಲೆಲ್ಲ ಇದು ಆಮೇಲೆ ಸೇರಿಸಿದ್ದು ಎಂದು ಗುರುತು ಹಾಕಬಹುದು. ನಾನು ಹಾಕಿದ್ದೇನೆ. ಕೊನೆಯ ಭಾಗದ ತುಂಬ ವಿಗ್ಗೇ. ತನ್ನ ಬಳಿ ಒಳ್ಳೆಯ ಆವೃತ್ತಿಯೊಂದಿತ್ತು, ಅದನ್ನು ನೀವು ಬಹುಶಃ ನೋಡುವುದೇ ಇಲ್ಲ ಎಂದು ನಿರ್ದೇಶಕರೇ ಬಿಡುಗಡೆಯ ಹಿಂದಿನ ದಿನ ಟ್ವಿಟರ್‌ನಲ್ಲಿ ಬರೆದರು. 2005 ಮತ್ತು 2007ರ ಎರಡು ಚಿತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಳೆಗಾಲದ ಮಧ್ಯಾಹ್ನ ಟಿವಿಯಲ್ಲಿ ಬಂದರೆ ಚಾನೆಲ್ ಬದಲಾಯಿಸುವುದಿಲ್ಲ, ಅಷ್ಟೇ.

ಇನ್ನು ಬೇರೆ ಬೇರೆ ಸೂಪರ್‌ಹೀರೋಗಳನ್ನೆಲ್ಲ ಒಂದೇ ಲೋಕಕ್ಕೆ ಸೇರಿಸುವ ವಿಷಯ. ಇದನ್ನು ಸಿನಿಮಾದವರು ಕಂಡುಹಿಡಿದರೆಂದು ಅಕ್ಕನ ಮಗ ತಿಳಿದಿದ್ದ. 1963ರಲ್ಲಿ ಬಂದ ಸ್ಪೈಡರ್-ಮ್ಯಾನ್ ಕಾಮಿಕ್ಸಿನ ಮೊದಲ ಸಂಚಿಕೆಯ ಕಥೆ ಹೇಳಿದೆ. ದೊಡ್ಡಪ್ಪ ಸತ್ತಿದ್ದಾನೆ, ಮನೆಯಲ್ಲಿ ಬಾಡಿಗೆಗೆ ಹಣವಿಲ್ಲ. ಪೀಟರ್ ಪಾರ್ಕರ್ ನೇರವಾಗಿ ಫೆಂಟಾಸ್ಟಿಕ್ ಫೋರ್ ಅವರ ಕಟ್ಟಡಕ್ಕೆ ನುಗ್ಗಿ, ತನ್ನನ್ನೂ ತಂಡಕ್ಕೆ ಸೇರಿಸಿಕೊಳ್ಳಿ ಎನ್ನುತ್ತಾನೆ. ಸಂಬಳ ಎಷ್ಟು ಎಂದು ವಿಚಾರಿಸುತ್ತಾನೆ. ನಮ್ಮದು ಲಾಭಕ್ಕೆ ನಡೆಯುವ ಸಂಸ್ಥೆಯಲ್ಲ, ಇಲ್ಲಿ ಸಂಬಳವಿಲ್ಲ ಎಂದು ತಿಳಿದ ಕೂಡಲೇ ಮುನಿಸಿಕೊಂಡು ಹೊರಟುಹೋಗುತ್ತಾನೆ. ಹುಡುಗ ಬಿದ್ದು ಬಿದ್ದು ನಕ್ಕ. ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ, ಸ್ಟೀವ್ ಡಿಟ್ಕೊ ಕಟ್ಟಿದ ಆ ಲೋಕದಲ್ಲಿ ಇವರೆಲ್ಲ ಒಂದೇ ನ್ಯೂಯಾರ್ಕ್‌ನವರು. ಒಬ್ಬನ ಕಥೆಯೊಳಗೆ ಇನ್ನೊಬ್ಬ ಹಾದುಹೋಗಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಆ ನೆರೆಹೊರೆಯನ್ನು ಒಡೆದದ್ದು ಸಾಲ. ಮಾರ್ವೆಲ್ 1996ರ ಡಿಸೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಹಿಂದೆ ಮುಂದೆ, ಬೆಲೆಬಾಳುವ ಪಾತ್ರಗಳ ಚಿತ್ರದ ಹಕ್ಕುಗಳು ಒಂದೊಂದಾಗಿ ಹೊರಗೆ ಹೋದವು: ಎಕ್ಸ್-ಮೆನ್ ಫಾಕ್ಸ್‌ಗೆ, ಸ್ಪೈಡರ್-ಮ್ಯಾನ್ ಸೋನಿಗೆ. ಸಂಬಳ ಕೇಳಲು ಹೋದ ಹುಡುಗನೂ ಇಲ್ಲವೆಂದ ನಾಲ್ವರೂ ಬೇರೆ ಬೇರೆ ಕಂಪನಿಗಳ ಪಾಲಾದರು. ಉಳಿದದ್ದನ್ನಿಟ್ಟುಕೊಂಡು ಮಾರ್ವೆಲ್ 2005ರಲ್ಲಿ ಮಾಡಿದ್ದು ನನ್ನಂಥವರಿಗೆ ಮೈ ಜುಮ್ಮೆನ್ನಿಸುವ ಕೆಲಸ. ಮೆರಿಲ್ ಲಿಂಚ್ ಮೂಲಕ 52.5 ಕೋಟಿ ಡಾಲರ್ ಸಾಲ. ಅಡಮಾನಕ್ಕೆ ಹತ್ತು ಆಸ್ತಿಗಳ ಚಿತ್ರದ ಹಕ್ಕು. ಕ್ಯಾಪ್ಟನ್ ಅಮೆರಿಕ, ಬ್ಲ್ಯಾಕ್ ಪ್ಯಾಂಥರ್, ಡಾಕ್ಟರ್ ಸ್ಟ್ರೇಂಜ್, ಶಾಂಗ್-ಚಿ ಎಲ್ಲರೂ ಆ ಪಟ್ಟಿಯಲ್ಲಿದ್ದರು. ಆಗ ಕಾಮಿಕ್ಸ್ ಓದದ ಯಾವ ಸಾಲಾಧಿಕಾರಿ ಈ ಹೆಸರುಗಳನ್ನು ಭದ್ರತೆಯೆಂದು ಒಪ್ಪುತ್ತಿದ್ದ? ನಾನಾಗಿದ್ದರೆ ಕಡತವನ್ನು ಮೇಲಿನವರಿಗೆ ದಾಟಿಸಿ ಕೈತೊಳೆದುಕೊಳ್ಳುತ್ತಿದ್ದೆ. 2008ರಲ್ಲಿ ಐರನ್ ಮ್ಯಾನ್ ಬಂತು, ಶೀರ್ಷಿಕೆಗಳೆಲ್ಲ ಸರಿದ ಮೇಲೆ ಸ್ಯಾಮುಯೆಲ್ ಜ್ಯಾಕ್ಸನ್ ಕತ್ತಲಲ್ಲಿ ನಿಂತು ಅವೆಂಜರ್ಸ್ ಎಂಬ ಸೂಪರ್‌ಹೀರೋಗಳ ಕೂಟದ ಹೆಸರು ಹೇಳಿದರು. ಮರುವರ್ಷ ಡಿಸ್ನಿ 400 ಕೋಟಿ ಡಾಲರ್ ಕೊಟ್ಟು ಇಡೀ ಮಾರ್ವೆಲ್ಲನ್ನೇ ಕೊಂಡಿತು. 2019ರಲ್ಲಿ 7,130 ಕೋಟಿ ಡಾಲರ್‌ಗೆ ಫಾಕ್ಸ್ ಕೂಡ ಡಿಸ್ನಿಯ ಪಾಲಾಗಿ, ಎಕ್ಸ್-ಮೆನ್ ಮತ್ತು ಈ ನಾಲ್ವರು ತವರಿಗೆ ಮರಳಿದರು. ಸ್ಪೈಡರ್-ಮ್ಯಾನ್ ಮಾತ್ರ ಇವತ್ತಿಗೂ ಸೋನಿಯದು. 2015ರ ಒಪ್ಪಂದದ ಮೇಲೆ ಮಾರ್ವೆಲ್ ಲೋಕಕ್ಕೆ ಬಂದುಹೋಗಿ ಮಾಡುತ್ತಾನೆ.

ಹೀಗೆ ಒಂದಾದದ್ದರಿಂದ ಹುಟ್ಟಿದ ತಮಾಷೆಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಕಳೆದ ವರ್ಷದ ಡೆಡ್‌ಪೂಲ್ ಮತ್ತು ವುಲ್ವರಿನ್ ಚಿತ್ರದ್ದು. ಮರಳುಗಾಡಿನಲ್ಲಿ ಒಬ್ಬ ತಲೆಯ ಮುಸುಕು ತೆಗೆದರೆ ಕ್ರಿಸ್ ಇವಾನ್ಸ್. ಎಂಟು ವರ್ಷ ಕ್ಯಾಪ್ಟನ್ ಅಮೆರಿಕ ಆಗಿದ್ದ ಮುಖ. ಚಿತ್ರಮಂದಿರದಲ್ಲಿ ಶಿಳ್ಳೆಯೋ ಶಿಳ್ಳೆ. ಡೆಡ್‌ಪೂಲ್ ಭಕ್ತಿಯಿಂದ ಅವೆಂಜರ್ಸ್ ಘೋಷಣೆಗೆ ಕಾಯುತ್ತಾನೆ. ಇವಾನ್ಸ್ ಬಾಯಿಂದ ಬಂದದ್ದು "ಫ್ಲೇಮ್ ಆನ್!" ಆತ 2005ರ ಫೆಂಟಾಸ್ಟಿಕ್ ಫೋರ್‌ನ ಬೆಂಕಿಯ ಹುಡುಗ ಜಾನಿ ಸ್ಟಾರ್ಮ್. ಮರೆತುಹೋಗಿದ್ದ ಚಿತ್ರದ ಋಣವನ್ನು ಆ ಒಂದೇ ಮಾತಿನಲ್ಲಿ ತೀರಿಸಿಬಿಟ್ಟರು. ಒಗ್ಗೂಡಿಸುವುದನ್ನು ನಾನು ವಿರೋಧಿಸುವವಳಲ್ಲ. ಒಡೆದ ಮನೆಯವರು ಮತ್ತೆ ಒಂದೇ ಪಂಕ್ತಿಗೆ ಕೂತರೆ ಯಾರಿಗೆ ಬೇಡ?

ನನ್ನ ತಕರಾರು ಇರುವುದು, ಇವತ್ತಿನ ಚಿತ್ರಗಳು ಮುಂದಿನ ತಾರೀಕು ಹಾಕಿದ ಚೆಕ್ಕುಗಳಾಗಿರುವುದರ ಬಗ್ಗೆ. ಇನ್ನೂ ನೋಡದವರು ಈ ಪ್ಯಾರಾ ಬಿಟ್ಟು ಮುಂದಕ್ಕೆ ಹೋಗಿ. ನಿನ್ನೆಯ ಚಿತ್ರ ತನ್ನ ಕಥೆಯನ್ನು ಚೊಕ್ಕವಾಗಿ ಮುಗಿಸಿತ್ತು. ತಾಯಿ, ತಂದೆ, ಮಗು, ಊರು, ಎಲ್ಲವೂ ನೆಲೆ ಮುಟ್ಟಿತ್ತು. ಶೀರ್ಷಿಕೆಗಳ ನಡುವೆ ಮತ್ತೆ ಪರದೆ ಬೆಳಗಿತು, ನಾಲ್ಕು ವರ್ಷದ ನಂತರ ಎಂದಿತು. ಮಗುವಿನ ಮುಂದೆ ಹಸಿರು ಮೇಲಂಗಿಯ ಒಬ್ಬ ಕುಳಿತಿದ್ದಾನೆ, ಮುಖವಾಡ ಅವನ ಕೈಯಲ್ಲಿದೆ, ಮುಖ ಕಾಣುವುದಿಲ್ಲ. ಖಳನಾಯಕ ಡಾಕ್ಟರ್ ಡೂಮ್. ಆ ಮುಖ ಯಾರದೆಂದು ಕಳೆದ ವರ್ಷವೇ ಸಾರಿಯಾಗಿದೆ: ಹಿಂದಿನ ಚಿತ್ರದಲ್ಲಿ ಐರನ್ ಮ್ಯಾನ್ ಪಾತ್ರವಾಗಿ ಸತ್ತಿದ್ದ ನಟ ರಾಬರ್ಟ್ ಡೌನಿ ಜೂನಿಯರ್ ಅವರದು. ಮುಗಿದಿದ್ದ ಕಥೆ ಒಂದೇ ನಿಮಿಷದಲ್ಲಿ 2026ರ ಡಿಸೆಂಬರ್‌ಗೆ ಬರಲಿರುವ ಅವೆಂಜರ್ಸ್‌ನ ಮುಂಗಡವಾಯಿತು.

ಆ ಅವೆಂಜರ್ಸ್‌ನ ತಾರಾಗಣವನ್ನು ಮಾರ್ಚ್‌ನಲ್ಲಿ ಹೇಗೆ ಪ್ರಕಟಿಸಿದರು ಗೊತ್ತೇ? ಕುರ್ಚಿಗಳ ಬೆನ್ನಿನ ಮೇಲೆ ಹೆಸರು ಬರೆದು, ಒಂದೊಂದನ್ನೇ ತೋರಿಸುತ್ತ ಐದು ಗಂಟೆಗೂ ಹೆಚ್ಚು ಹೊತ್ತು ನೇರ ಪ್ರಸಾರ. ಪಾತ್ರಧಾರಿಗಳಿಲ್ಲ, ಬರಿ ಕುರ್ಚಿಗಳು. ನಿನ್ನೆಯ ನಾಲ್ವರೂ ಅಲ್ಲಿದ್ದರು, ಫಾಕ್ಸ್ ಕಾಲದ ಎಕ್ಸ್-ಮೆನ್‌ನ ಪ್ಯಾಟ್ರಿಕ್ ಸ್ಟುವರ್ಟ್, ಇಯಾನ್ ಮೆಕೆಲನ್ ಕೂಡ. ಲಕ್ಷಾಂತರ ಜನ ನೋಡಿದರಂತೆ. ಅವರಲ್ಲಿ ನಮ್ಮ ಹುಡುಗನೂ ಒಬ್ಬ, ಮರುದಿನ ಶಾಲೆಯಿತ್ತು.

ಮಾರ್ವೆಲ್‌ನ ಎದುರಾಳಿ, ಸೂಪರ್‌ಮ್ಯಾನ್‌ನ ಒಡೆಯರಾದ ಡಿಸಿಯವರ ಕಥೆ ಇನ್ನೂ ನಿಷ್ಠುರ. 2022ರ ಅಕ್ಟೋಬರ್‌ನಲ್ಲಿ ಹೆನ್ರಿ ಕ್ಯಾವಿಲ್ ಸೂಪರ್‌ಮ್ಯಾನ್ ಆಗಿ ಮರಳಿದರೆಂದು ಬ್ಲ್ಯಾಕ್ ಆಡಮ್ ಚಿತ್ರದ ತುದಿಯಲ್ಲಿ ತೋರಿಸಿ, ಡಿಸೆಂಬರ್ ಹೊತ್ತಿಗೆ ಅವರನ್ನು ಮನೆಗೆ ಕಳಿಸಿದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ, ಚಿತ್ರೀಕರಣ ಮುಗಿದಿದ್ದ ಬ್ಯಾಟ್‌ಗರ್ಲ್ ಚಿತ್ರವನ್ನೇ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ತೆರಿಗೆಯ ಲೆಕ್ಕದಲ್ಲಿ ನಷ್ಟ ಬರೆದುಕೊಳ್ಳುವುದೇ ಲಾಭವೆಂದು ಕಂಡಿತೆಂಬ ವರದಿಗಳು ಬಂದವು. ಅದರ ಕಳ್ಳ ಪ್ರತಿ ಕೂಡ ಸಿಗುವುದಿಲ್ಲ. ಆ ವಿಷಯದಲ್ಲಿ 1994ರವರೇ ಅದೃಷ್ಟವಂತರು.

ಮಲಗುವ ಮೊದಲು ಒಂದು ಲೆಕ್ಕ ಹಾಕಿದೆ, ಬರೆದಿಡುತ್ತೇನೆ. ಸ್ಪೈಡರ್-ಮ್ಯಾನ್‌ನ ಕಳೆದ ಚಿತ್ರ ಬಂದದ್ದು 2021ರ ಡಿಸೆಂಬರ್. ಮುಂದಿನದು 2026ರ ಜುಲೈ 31ಕ್ಕೆ ಎಂದು ಘೋಷಿಸಿದ್ದಾರೆ. ಸೋರಿಕೆಯಾದ ಹಳೆಯ ಷರತ್ತು ಇನ್ನೂ ಹಾಗೆಯೇ ಇದ್ದರೆ, ಬಿಡುಗಡೆಯ ಗಡುವು 2027ರ ಸೆಪ್ಟೆಂಬರ್. ವರ್ಷಕ್ಕೂ ಮಿಕ್ಕಿ ಬಿಡುವಿದೆ. ಕೆಲಸ ಶುರುಮಾಡುವ ಗಡುವು ಮಾತ್ರ ಈ ಸೆಪ್ಟೆಂಬರ್. ಗ್ಲಾಸ್ಗೊದಲ್ಲಿ ಬೀದಿ ಮುಚ್ಚಿ ಚಿತ್ರೀಕರಣ ಶುರುಮಾಡುವುದು ಆಗಸ್ಟ್‌ನಲ್ಲಂತೆ.