ಫಾಲಿಕಲ್ ಸ್ಕ್ಯಾನ್‌ಗೆ ಮುಂದಿನ ತಾರೀಕು ಬರೆದುಕೊಡುವ ಕೆಲಸ

ನಾನು ಮಂಗಳೂರಿನ ಒಂದು ಫರ್ಟಿಲಿಟಿ ಕ್ಲಿನಿಕ್‌ನಲ್ಲಿ ನರ್ಸ್. ಫಾಲಿಕಲ್ ಅಂದರೆ ಅಂಡಾಶಯದಲ್ಲಿ ಮೊಟ್ಟೆ ಬೆಳೆಯುವ ಸಣ್ಣ ನೀರಿನ ಗುಳ್ಳೆ. ಅದು ಎಷ್ಟು ಬೆಳೆದಿದೆ ಅಂತ ಸ್ಕ್ಯಾನ್ ಮಾಡಿ ನೋಡುವುದು ಡಾಕ್ಟ್ರು. ಚಾರ್ಟ್ ಬರೆದು, ಮತ್ತೆ ಯಾವಾಗ ಬರಬೇಕು ಅಂತ ಅವರ ಹತ್ರ ಕೇಳಿ ಹೇಳಿ ಕಳಿಸುವುದು ನಾನು. ಔಷಧಿ ಇಲ್ಲದ ನ್ಯಾಚುರಲ್ ಸೈಕಲ್‌ನಲ್ಲಿ ಈ ತಾರೀಕೇ ದೊಡ್ಡ ವಿಷಯ. ಸಾಮಾನ್ಯವಾಗಿ ಬೆಳೆಯುವುದೇ ಒಂದು ಫಾಲಿಕಲ್, ಅದು ಒಡೆದು ಮೊಟ್ಟೆ ಹೊರಗೆ ಹೋದ ಮೇಲೆ ಬಂದರೆ ಆ ತಿಂಗಳು ಹೋಯ್ತು ಅಂತಲೇ ಲೆಕ್ಕ.

ಸ್ಕ್ಯಾನ್ ಮುಗಿದ ಕೂಡಲೇ ಎಲ್ಲರೂ ಕೇಳುವುದು, "ಸಿಸ್ಟರ್, ಎಷ್ಟು ಎಂಎಂ ಆಯ್ತು?" 14 ಅಂದರೆ ಮುಖ ಸಣ್ಣದಾಗುತ್ತದೆ. ಒಂದು ದಿನದ ನಂಬರಲ್ಲಿ ಎಂತ ಉಂಟು? ಮುಂದೆ ಹೋಗುವ ಫಾಲಿಕಲ್ ದಿನಕ್ಕೆ ಸುಮಾರು 1.5ರಿಂದ 2 ಎಂಎಂ ಬೆಳೆಯುತ್ತದೆ, ಹೆಚ್ಚಾಗಿ 18ರಿಂದ 24ರ ಒಳಗೆ ಒಡೆಯುತ್ತದೆ. ಹಾಗಾಗಿ 14 ಇದ್ದವರಿಗೆ ಎರಡು ದಿನ ಬಿಟ್ಟು ಬನ್ನಿ ಅನ್ನಬಹುದು, 17 ಇದ್ದವರಿಗೆ ನಾಳೆಯೇ. ಜೊತೆಗೆ ಗರ್ಭಕೋಶದ ಒಳಪದರವನ್ನೂ ನೋಡುತ್ತಾರೆ. ಅದು 7 ಎಂಎಂ ದಾಟಿ ಮೂರು ಗೆರೆಯ ಹಾಗೆ ಕಂಡರೆ ಡಾಕ್ಟ್ರಿಗೆ ಸಮಾಧಾನ.

ಹೊಸದಾಗಿ ಸೇರಿದವರಿಗೆ ನಾನು ಹೇಳುವುದು, ಮೊದಲ ದಿನ ಯಾವುದು ಅಂತ ಸರಿಯಾಗಿ ಕೇಳಿ. ಸ್ವಲ್ಪ ಕಲೆ ಕಂಡ ದಿನ ಅಲ್ಲ, ಸರಿಯಾಗಿ ಬ್ಲೀಡಿಂಗ್ ಶುರುವಾದ ದಿನ. ಎಷ್ಟು ದಿನಕ್ಕೊಮ್ಮೆ ಮುಟ್ಟಾಗುತ್ತದೆ ಅಂತಲೂ ಕೇಳಬೇಕು. 35 ದಿನದ ಸೈಕಲ್‌ನವರಿಗೆ ಮೊಟ್ಟೆ ಬಿಡುಗಡೆಯಾಗುವುದು 21ನೇ ದಿನದ ಹತ್ತಿರ. ಅವರನ್ನು 9ನೇ ದಿನದಿಂದ ದಿನ ಬಿಟ್ಟು ದಿನ ಕುಂದಾಪುರದಿಂದ ಬಸ್ಸಲ್ಲಿ ಸುಮ್ನೆ ಓಡಾಡಿಸುವುದು ಯಾಕೆ? ಮತ್ತೆ ಒಂದು, ಹೊಟ್ಟೆಯ ಮೇಲಿನ ಸ್ಕ್ಯಾನ್‌ನ ನೆನಪಲ್ಲಿ ಕೆಲವರು ದಾರಿಯುದ್ದಕ್ಕೂ ನೀರು ಕುಡಿದು, ಬಾಟ್ಲಿ ಖಾಲಿ ಮಾಡಿ, ಮೂತ್ರ ತಡೆದುಕೊಂಡು ಬೆಂಚಲ್ಲಿ ಕೂತಿರುತ್ತಾರೆ. ಇದು ಒಳಗಿನಿಂದ ಮಾಡುವ ಸ್ಕ್ಯಾನ್, ಮೂತ್ರಕೋಶ ಖಾಲಿ ಇರಬೇಕು. ಮೊದಲೇ ಫೋನಲ್ಲಿ ಹೇಳಿದರೆ ಆಯ್ತಲ್ವಾ?

ಫಾಲಿಕಲ್ ದೊಡ್ಡದಾಗುತ್ತಾ ಬಂದ ಹಾಗೆ ಮನೆಯಲ್ಲೇ ಮೂತ್ರದಲ್ಲಿ ಎಲ್‌ಎಚ್ ಸ್ಟ್ರಿಪ್ ನೋಡಲು ಹೇಳುತ್ತೇವೆ. ಎಲ್‌ಎಚ್ ಅಂದರೆ ಮೊಟ್ಟೆ ಬಿಡುಗಡೆಗೆ ಸ್ವಲ್ಪ ಮುಂಚೆ ಏರುವ ಹಾರ್ಮೋನ್. ಎರಡೂ ಗೆರೆ ಒಂದೇ ಹಾಗೆ ಗಾಢವಾದರೆ ಒಂದೂವರೆ ದಿನದ ಒಳಗೆ ಒಡೆಯುವ ಸಾಧ್ಯತೆ ಜಾಸ್ತಿ. ಆಗ ನಾನು ಬರೆದುಕೊಟ್ಟ ತಾರೀಕಿಗೆ ಬೆಲೆಯೇ ಇಲ್ಲ, ಕೂಡಲೇ ಫೋನ್ ಮಾಡಬೇಕು. "ಭಾನುವಾರ ಯಾಕೆ ತೊಂದರೆ ಕೊಡುವುದು" ಅಂತ ಕೆಲವರು ಸೋಮವಾರದವರೆಗೆ ಕಾಯುತ್ತಾರೆ. ತೊಂದರೆ ಕೊಡಿ ಮಾರಾಯ್ರೇ, ಆ ಫೋನ್ ಇಟ್ಟಿರುವುದೇ ಅದಕ್ಕೆ.